ಮೈನಸ್ ಚಿಹ್ನೆ

ಕಳೆದ ವಾರ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಎರಡನೇ ವರ್ಷದ ಹುಡುಗಿಯೊಬ್ಬಳು ಎಲ್ಲರೆದುರು ನನ್ನ ಹೆಸರು ಹಿಡಿದು ಕರೆದು, ‘ಈ ಸಾಲು ತಪ್ಪು’ ಎಂದಳು. ಸರ್ ಇಲ್ಲ, ಏನಿಲ್ಲ. ಒಳಗೆ ಚುರುಕ್ ಎಂದಿತು. ಬೋರ್ಡಿನ ಹತ್ತಿರ ಹೋಗಿ ನೋಡಿದರೆ ತಪ್ಪು ನನ್ನದೇ.

ವಿಶ್ವದ ಹುಟ್ಟು-ಬೆಳವಣಿಗೆಯ ಬಗ್ಗೆ ಕೆಲಸ ಮಾಡಿದ ಭೌತವಿಜ್ಞಾನಿ ಡೆನಿಸ್ ಶಿಯಾಮಾ ನೆನಪಾದರು. 1962ರಲ್ಲಿ ಸ್ಟೀಫನ್ ಹಾಕಿಂಗ್ ಪಿಎಚ್‌ಡಿಗೆ ಈ ಊರಿಗೆ ಬಂದಾಗ ಗೈಡ್ ಆಗಿ ಬೇಕಿದ್ದದ್ದು ಹೆಸರಾಂತ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್. ಸಿಕ್ಕಿದ್ದು ಹೆಸರೇ ಕೇಳಿರದ ಶಿಯಾಮಾ. ಬೇಜಾರಾಯಿತಂತೆ. ಆದರೆ ಹಾಯ್ಲ್ ಊರಲ್ಲಿರುತ್ತಿದ್ದದ್ದೇ ಕಡಿಮೆ, ಶಿಯಾಮಾ ಯಾವಾಗ ಹೋದರೂ ಮಾತಿಗೆ ಸಿಗುತ್ತಿದ್ದರು. ಮುಂದೆ ದೊಡ್ಡ ವಿಜ್ಞಾನಿಗಳಾದ ಜಾರ್ಜ್ ಎಲ್ಲಿಸ್, ಬ್ರ್ಯಾಂಡನ್ ಕಾರ್ಟರ್, ಮಾರ್ಟಿನ್ ರೀಸ್ ಎಲ್ಲ ಅವರ ಕೈಯಲ್ಲೇ ಪಳಗಿದವರು. ರೋಜರ್ ಪೆನ್‌ರೋಸ್ ಅಂತೂ ಶಿಯಾಮಾರ ಶಿಷ್ಯರೇ ಅಲ್ಲ, ಗಣಿತದವರು. ಅವರಿಗೂ ವಿಶ್ವದ ಹುಚ್ಚು ಹಿಡಿಸಿದವರು ಇವರೇ.

ನನಗೆ ಹಿಡಿಸುವುದು ಬೇರೆ ಸಂಗತಿ. ವಿಶ್ವಕ್ಕೆ ಆದಿಯಿಲ್ಲ, ಅದು ಹಿಗ್ಗಿದಂತೆಲ್ಲ ಹೊಸ ವಸ್ತು ಹುಟ್ಟುತ್ತಲೇ ಇರುತ್ತದೆ ಎನ್ನುವ ಸ್ಥಿರಸ್ಥಿತಿ ವಾದವನ್ನು ಶಿಯಾಮಾ ವರ್ಷಗಟ್ಟಲೆ ಹೊತ್ತು ತಿರುಗಿದ್ದರು. ಆಮೇಲೆ ಶಿಷ್ಯ ರೀಸ್ ಜೊತೆ ಕೂತು ಕ್ವೇಸಾರ್‌ಗಳ, ಅಂದರೆ ಬಹುದೂರದಲ್ಲಿ ಭಾರೀ ಪ್ರಕಾಶದಿಂದ ಹೊಳೆಯುವ ಕಾಯಗಳ, ಲೆಕ್ಕ ನೋಡಿದರು. ದೂರದ ಬೆಳಕು ನಮ್ಮನ್ನು ಮುಟ್ಟಲು ಕಾಲ ಬೇಕಲ್ಲ, ಹಾಗಾಗಿ ದೂರ ಹೋದಂತೆ, ಅಂದರೆ ಹಿಂದಿನ ಕಾಲಕ್ಕೆ ಹೋದಂತೆ, ಅವು ಜಾಸ್ತಿ. ಬದಲಾಗದ ವಿಶ್ವದಲ್ಲಿ ಹಾಗಾಗುವಂತಿಲ್ಲ, ಅಲ್ವಾ? 1966ರ ಹೊತ್ತಿಗೆ ಆ ವಾದವನ್ನು ಬಿಟ್ಟರು. ಬಿಟ್ಟೆ ಎಂದು ಬಾಯಿಬಿಟ್ಟೂ ಹೇಳಿದರು.

ನಮ್ಮೂರಲ್ಲಿ? ನನ್ನ ಗೈಡ್ ಬರೆದ ಸಮೀಕರಣದಲ್ಲಿ ಒಂದು ಮೈನಸ್ ಚಿಹ್ನೆ ತಪ್ಪಿತ್ತು. ಹೇಳಲು ಮೂರು ತಿಂಗಳು ಧೈರ್ಯ ಬರಲಿಲ್ಲ. ಕೊನೆಗೆ, ‘ಸರ್, ನನಗೇ ಅರ್ಥವಾಗಿಲ್ಲವೇನೋ...’ ಎಂದು ರಾಗ ಎಳೆದೆ. ‘ಹೌದು, ನಿನಗೆ ಅರ್ಥವಾಗಿಲ್ಲ’ ಎಂದರು. ನನ್ನ ಥೀಸಿಸ್‌ನಲ್ಲಿ ಆ ಮೈನಸ್ ಇವತ್ತಿಗೂ ಹಾಗೇ ಕೂತಿದೆ.

ಇಂಗ್ಲೆಂಡಿನವರೆಲ್ಲ ಶಿಯಾಮಾಗಳಲ್ಲ ಬಿಡಿ. ಸ್ಥಿರಸ್ಥಿತಿ ವಾದವನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಹಾಯ್ಲ್ 2001ರಲ್ಲಿ ತೀರಿಕೊಳ್ಳುವ ತನಕ, ವಿಶ್ವಕ್ಕೊಂದು ಆದಿಯಿತ್ತು ಎನ್ನುವ ಮಹಾಸ್ಫೋಟ ವಾದವನ್ನು ಒಪ್ಪಲೇ ಇಲ್ಲ. ಮನಸ್ಸಿಲ್ಲದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ದಸರಾ ರಜೆಗೆ ಹಾಸ್ಟೆಲ್ ಮೆಸ್ ಮುಚ್ಚಿದಾಗ ಅದೇ ಗೈಡ್ ನನ್ನನ್ನು ಮನೆಗೆ ಕರೆದು ಕೂರಿಸಿಕೊಂಡು, ‘ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳೋ, ನಾಚಿಕೊಳ್ಳಬೇಡ’ ಎಂದಿದ್ದರು. ಮೇಡಮ್ ತುಪ್ಪ ಸುರಿದಿದ್ದರು. ಇಲ್ಲಿಗೆ ಬಂದು ನಾಲ್ಕು ವರ್ಷವಾಯಿತು, ಯಾರ ಮನೆಯ ಅಡುಗೆಮನೆಯನ್ನೂ ನಾನಿನ್ನೂ ನೋಡಿಲ್ಲ.