ಕಿಟಕಿ ಸಂದಿಯಿಂದ ನೋಡೋ ಕ್ಲೇರ್

ಸರ್ವಾಧಿಕಾರಿಗಳ ಬಗ್ಗೆ ಕಾದಂಬರಿ ಅಂದ್ರೆ ನಂಗೆ ಅರಮನೆ, ಬೂಟು, ತಲೆಕೆಟ್ಟ ಮುದುಕ ಇಷ್ಟೇ ಕಣ್ಮುಂದೆ ಬರ್ತಿತ್ತು. ಹೈಟಿಯ ಮಾರಿ ವಿಯೊ-ಶೋವೆ ಬರೆದ 'ಪ್ರೀತಿ, ಸಿಟ್ಟು, ಹುಚ್ಚು' ಅನ್ನೋ ಮೂರು ನೀಳ್ಗತೆಗಳನ್ನ ಇಂಗ್ಲಿಷ್‌ನಲ್ಲಿ ಓದಿದ್ಮೇಲೆ ಅದು ಹೋಯ್ತು. ಇಲ್ಲಿ ಎಲ್ಲಾ ನಡೆಯೋದು ಮನೆ ಒಳಗೆ.

ಮೊದಲನೇದ್ರಲ್ಲಿ ಕ್ಲೇರ್‌ಗೆ 39, ಮದುವೆ ಆಗಿಲ್ಲ. ಮೂರು ಜನ ಅಕ್ಕತಂಗೀರಲ್ಲಿ ದೊಡ್ಡವಳು, ಬಿಳಿಚರ್ಮದ ಜಂಬ ಇರೋ ಮುಲಾಟೊ (ಬಿಳಿಯರು-ಕರಿಯರ ಮಿಶ್ರ ಸಂತತಿ) ಮನೇಲಿ ಇವಳೊಬ್ಳೇ ಕಪ್ಪು, ತಂಗಿ ಗಂಡ ಫ್ರೆಂಚ್‌ನವನು, ಇವಳಿಗೆ ಅವನ ಮೇಲೇ ಆಸೆ. ರೂಮ್ ಬಾಗಿಲು ಹಾಕ್ಕೊಂಡು ಕೊಳಕು ಚಿತ್ರ ನೋಡ್ತಾಳೆ, ಡೈರಿ ಬರೀತಾಳೆ. ಹೊರಗೆ ಊರಿನ ಪೊಲೀಸ್ ಮುಖ್ಯಸ್ಥ ಕಮಾಂಡೆಂಟ್ ಕಾಲೆಡ್ಯು ಊರಿನ 'ಒಳ್ಳೆ ಮನೆತನ'ದ ಹೆಂಗಸರನ್ನ ಎಳ್ಕೊಂಡ್ ಹೋಗಿ ಹಿಂಸೆ ಕೊಡ್ತಾನೆ. ಅವನೂ ಕಪ್ಪು, ಇಷ್ಟು ವರ್ಷ ಇದೇ ಮನೆತನಗಳು ಅವನಂಥವರನ್ನ ಹೊಸಿಲು ದಾಟೋಕೂ ಬಿಟ್ಟಿರ್ಲಿಲ್ಲ, ಆ ಸೇಡು ತೀರೋದು ಮಾತ್ರ ಹೆಣ್ಣಿನ ಮೈ ಮೇಲೆ. ಡೋರಾ ಅನ್ನೋಳು ಜೈಲಿಂದ ವಾಪಸ್ ಬಂದು ಕಾಲು ಅಗಲಿಸ್ಕೊಂಡು ನಡೀತಾಳೆ, ಅಕ್ಕಪಕ್ಕದೋರು ಭಯಕ್ಕೆ ಮಾತೇ ಆಡ್ಸಲ್ಲ. ಕ್ಲೇರ್ ಅದನ್ನ ಕಿಟಕಿ ಸಂದಿಯಿಂದ ನೋಡ್ತಾಳೆ ಅಷ್ಟೇ. ಇನ್ನೂ ಕಸಿವಿಸಿ ಆಗೋದು ಅಂದ್ರೆ, ಆ ಕಾಲೆಡ್ಯು ಇವಳ ಕನಸಿಗೂ ಬರ್ತಾನೆ, ಶೋವೆ ಅದನ್ನ ಮುಚ್ಚಿಡಲ್ಲ.

'ಸಿಟ್ಟು'ನಲ್ಲಿ ಕಪ್ಪು ಯೂನಿಫಾರ್ಮ್‌ನವ್ರು ಬಂದು ಒಂದು ಮನೆಯವರ ಜಮೀನಿಗೆ ಗೂಟ ಹೊಡೀತಾರೆ. ಅದನ್ನ ಬಿಡಿಸ್ಕೊಳ್ಳೋಕೆ ಮಗಳು ರೋಸ್ 30 ದಿನ ಒಬ್ಬ ಅಧಿಕಾರಿ ಹತ್ರ ಹೋಗ್ಬೇಕು. ಮನೆಯಲ್ಲಿ ಎಲ್ರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ! ಪೆರುವಿನ ಲೇಖಕ ವರ್ಗಾಸ್ ಯೋಸಾ 2000ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಸರ್ವಾಧಿಕಾರಿ ಟ್ರುಹಿಯೊ ಬಗ್ಗೆ ಬರೆದ ಕಾದಂಬರೀಲೂ ಹೋದ ಪದವಿ ವಾಪಸ್ ಬರ್ಲಿ ಅಂತ ಅಪ್ಪನೇ 14 ವರ್ಷದ ಮಗಳನ್ನ ಆ ಸರ್ವಾಧಿಕಾರಿ ಹತ್ರ ಕಳಿಸ್ತಾನೆ, ಆದ್ರೆ ಯೋಸಾಗೆ ಆ ಮುದುಕನ ತಲೆಯೊಳಗೂ ಹೊಕ್ಕು ನೋಡೋ ಚಪಲ. ಶೋವೆಗೆ ಸರ್ವಾಧಿಕಾರಿ ಬೇಕಾಗೇ ಇಲ್ಲ.

ಈ ಪುಸ್ತಕ 1968ರಲ್ಲಿ ಪ್ಯಾರಿಸ್‌ನಲ್ಲಿ ಬಂತು. ಹೈಟಿಯಲ್ಲಿ ಆಗ ಸರ್ವಾಧಿಕಾರಿ ಡುವಾಲಿಯೇ ಆಳ್ತಿದ್ದ, ಜೀವಭಯಕ್ಕೆ ಮನೆಯವರೇ ಪ್ರತಿಗಳನ್ನ ಕೊಂಡು ಇಲ್ಲದಂಗೆ ಮಾಡಿದ್ರು, ಶೋವೆ ನ್ಯೂಯಾರ್ಕ್‌ಗೆ ಹೋದ್ರು, 1973ರಲ್ಲಿ ಅಲ್ಲೇ ತೀರ್ಕೊಂಡ್ರು.

ಮೊದಲನೇ ಕಥೆ ಕೊನೇಲಿ ಕ್ಲೇರ್ ಕಾಲೆಡ್ಯುನ ಇರಿದು ಕೊಲ್ತಾಳೆ. ಇದನ್ನ ಕ್ರಾಂತಿ ಅಂತ ಓದೋರಿದ್ದಾರೆ, ನಾನು ಒಪ್ಪಲ್ಲ. ಆ ಚಾಕು ಅವಳು ಎತ್ಕೊಂಡಿದ್ದೇ ತಾನು ಸಾಯೋಕೆ, ಅದಕ್ಕೂ ಮುಂಚೆ ತಂಗೀನ ಮುಗಿಸೋ ಪ್ಲಾನ್ ಇತ್ತು, ಅಷ್ಟೊತ್ತಿಗೆ ತಿರುಗಿಬಿದ್ದ ಜನರಿಂದ ತಪ್ಪಿಸ್ಕೊಂಡು ಕಾಲೆಡ್ಯು ಇವಳ ಬಾಗಿಲಿಗೇ ಬಂದ. ಇರಿದಾದ್ಮೇಲೂ ಅವಳು ಬೀದಿಗೆ ಇಳಿಯಲ್ಲ, ಸೀದಾ ರೂಮಿಗೆ ಹೋಗಿ ಪಂಜು ಹಿಡಿದ ಜನರನ್ನ ಕಿಟಕಿಯಿಂದ ನೋಡ್ತಾಳೆ.