ಅಯ್ಯೋ, ಬೆನ್ನು!

ಹೋದ ವಾರ ಪಕ್ಕದ ಸೀಟಿನ ಮೇಡಂ "ಅಯ್ಯೋ, ಬೆನ್ನು!" ಅಂದರು. "ಕುರ್ಚಿ ಎತ್ತರ ಸರಿ ಇಲ್ಲ, ಇರಿ ನೋಡ್ತೀನಿ" ಅಂತ ನಾನು ಎದ್ದೆ. ಅವರ ಮುಖ ಸಪ್ಪಗಾಯಿತು. ಎದುರಿನ ಸೀಟಿನಾಕೆ ಮಾತ್ರ "ನಂಗೂ ಮೂರು ದಿನದಿಂದ ಅದೇ ಕಥೆ ಕಣ್ರೀ" ಅಂದರು. ಅಷ್ಟೇ. ಇಬ್ಬರೂ ಸೊಂಟ, ಕುತ್ತಿಗೆ, ಮಂಡಿ ಎಲ್ಲ ಸುತ್ತಿ ಬಂದರು. ನಾನು ಕುರ್ಚಿಯ ಕೆಳಗಿದ್ದೆ.

ಅಮೆರಿಕದ ಭಾಷಾಶಾಸ್ತ್ರಜ್ಞೆ ಡೆಬೊರಾ ಟ್ಯಾನನ್ 1990ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಹೆಂಗಸರು ಕಷ್ಟ ಹೇಳಿಕೊಳ್ಳುವುದು 'ನನಗೂ ಹಾಗೇ' ಅನ್ನಿಸಿಕೊಳ್ಳಲು. ಗಂಡಸರು ಅದನ್ನು ರಿಪೇರಿಗೆ ಬಂದ ಕೇಸು ಅಂದುಕೊಳ್ಳುತ್ತಾರೆ. ಇರಬಹುದು. ನನಗೆ ಕುರ್ಚಿಯ ವಿಷಯ ಹೇಳಬೇಕಿದೆ.

ಅದರ ಕೆಳಗೆ ಎರಡು ಹಿಡಿ. ಒಂದು ಎಳೆದೆ, ಒರಗುವ ಭಾಗ ಫಟ್ಟನೆ ಮುಂದೆ ಬಂದು ತಲೆಗೆ ಬಡಿಯಿತು. ಇನ್ನೊಂದು ಎಳೆದೆ, ಕೈಗೇ ಬಂತು. ಅಷ್ಟರಲ್ಲಿ ಆಚೆ ಸಾಲಿನವರೊಬ್ಬರು ಬಂದರು. ಆರು ವರ್ಷದಿಂದ ನಮ್ಮಿಬ್ಬರದು "ಏನ್ ಸಾರ್", "ಏನಿಲ್ಲ ಸಾರ್" ಅಷ್ಟೇ. ಅವರೂ ಮಂಡಿಯೂರಿ "ಗ್ಯಾಸ್ ಹೋಗಿದೆ" ಅಂದರು. "ಛೆ, ಪಿನ್ ಸಡಿಲ" ಅಂದೆ. ಮೂರನೆಯವರು ಮೊಬೈಲ್ ಟಾರ್ಚ್ ಹಿಡಿದರು. ಅರ್ಧ ಗಂಟೆ ಒಬ್ಬರ ಮುಖ ಒಬ್ಬರು ನೋಡದೆ, ಕುರ್ಚಿಯ ಹೊಟ್ಟೆ ನೋಡುತ್ತಾ ಮಾತಾಡಿದೆವು. ಮಧ್ಯೆ ಟಾರ್ಚಿನವರು "ನಮ್ಮಪ್ಪನೂ ಹೀಗೇ, ಸಿಕ್ಕಿದ್ದೆಲ್ಲ ಬಿಚ್ಚಿಡೋರು. ಹೋದ ತಿಂಗಳು ತೀರಿಕೊಂಡರು" ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾನು "ಲೈಟು ಇನ್ನೊಂಚೂರು ಎಡಕ್ಕೆ ಹಿಡೀರಿ" ಅಂದೆ. ಅವರು ಹಿಡಿದರು. ಈಗ ದಿನಾ ಮಾತಾಡುತ್ತೇವೆ, ಸ್ಕ್ರೂ ಬಗ್ಗೆ.

"ಹೆಂಗಸರಿಗೆ ಮಾತು ಜಾಸ್ತಿ ಅಂತಾರೆ, ಈ ಮೂವರನ್ನ ನೋಡ್ರೀ" ಅಂತ ಮೇಲಿಂದ ಒಂದು ದನಿ ಬಂತು. ಆಕೆ ಹೇಳಿದ್ದು ಸರಿಯೇ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ರೆಕಾರ್ಡರ್ ಕಟ್ಟಿ ಎಣಿಸಿದ್ದರು. ಇಬ್ಬರದೂ ದಿನಕ್ಕೆ ಸುಮಾರು 16 ಸಾವಿರ ಪದ. ಆದರೂ ಅಷ್ಟು ಜನರ ಮುಂದೆ ಹಾಗೆ ಅನ್ನಬಾರದಿತ್ತು. ತಲೆಗೆ ಪೆಟ್ಟು ತಿಂದವನು ನಾನು!

ಕುರ್ಚಿ ರಿಪೇರಿ ಆಗಲಿಲ್ಲ. ಮೇಡಂ ನನ್ನ ಕುರ್ಚಿ ತಗೊಂಡರು, ನನಗೆ ಅದು ಬಂತು. ಬೆಳಿಗ್ಗೆ ಸರಿಯಾಗೇ ಇರುತ್ತದೆ. ಆಮೇಲೆ ಸುಮ್ನೆ ಇಳಿಯುತ್ತಾ ಹೋಗುತ್ತದೆ, ಮೂರು ಗಂಟೆಗೆಲ್ಲ ನನ್ನ ಗಲ್ಲ ಮೇಜಿನ ಮಟ್ಟಕ್ಕೆ ಬಂದಿರುತ್ತದೆ. ನಿನ್ನೆ ಅಲ್ಲಿಂದಲೇ ಸ್ವಲ್ಪ ಜೋರಾಗಿ "ಅಯ್ಯೋ, ಬೆನ್ನು!" ಅಂದೆ.

"ಡಾಕ್ಟರಿಗೆ ತೋರಿಸಿ ಸಾರ್" ಅಂದ ಮೇಡಂ, ಮತ್ತೆ ಕಂಪ್ಯೂಟರ್ ಕಡೆ ತಿರುಗಿದರು.