ಸಾವಯವಕ್ಕೆ ಹೊರಳುವ ರೈತನಿಗೆ ನಡುವಿನ ವರ್ಷಗಳ ಆಸರೆ ಬೇಕು

ಸರ್ಕಾರ ಸಹಾಯಧನ ಕೊಟ್ಟರೂ ರೈತರು ಸಾವಯವ ಕೃಷಿಗೆ ಮುಂದೆ ಬರುತ್ತಿಲ್ಲ ಎಂಬ ಮಾತನ್ನು ಶಿರಸಿಯ ಕೃಷಿ ಸಭೆಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೇನೆ. ತಪ್ಪನ್ನು ರೈತನ ತಲೆಗೆ ಕಟ್ಟುವ ಈ ಮಾತನ್ನು ನಾನು ಒಪ್ಪುವುದಿಲ್ಲ. ಕೊಡುವ ಹಣ ಎಷ್ಟು ಮತ್ತು ಅದು ಯಾವ ಖರ್ಚಿಗೆ ಎಂಬುದನ್ನು ನೋಡಿದರೆ, ಅಡಿಕೆ ತೋಟದವರು ಏಕೆ ಹಿಂಜರಿಯುತ್ತಾರೆ ಎಂಬುದು ಯಾರಿಗಾದರೂ ತಿಳಿಯುತ್ತದೆ.

2015-16ರಲ್ಲಿ ಆರಂಭವಾದ ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆಯ ಪರಿಷ್ಕೃತ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ 3 ವರ್ಷಗಳಿಗೆ ಸೇರಿ 31,500 ರೂಪಾಯಿ ನೆರವಿದೆ. ಅದರಲ್ಲಿ ರೈತನ ಖಾತೆಗೆ ನೇರವಾಗಿ ಬರುವುದು 15,000 ರೂಪಾಯಿ, ಅದೂ ಸಾವಯವ ಗೊಬ್ಬರ ಮತ್ತಿತರ ಪರಿಕರಗಳಿಗೆ. ಉಳಿದದ್ದು ತರಬೇತಿ, ಪ್ರಮಾಣೀಕರಣ, ಮಾರಾಟದಂಥ ಬಾಬ್ತುಗಳಿಗೆ ಹೋಗುತ್ತದೆ. ರೈತನ ಕೈಗೆ ಬರುವುದನ್ನು ಎಕರೆ ಲೆಕ್ಕಕ್ಕೆ ತಂದರೆ ವರ್ಷಕ್ಕೆ ಸುಮಾರು 2,000 ರೂಪಾಯಿ. ಅದೇ ಹೊತ್ತಿಗೆ 45 ಕಿಲೋ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸೊಸೈಟಿಯಲ್ಲಿ ಸಿಗುತ್ತದೆ, ಏಕೆಂದರೆ ಇತ್ತೀಚಿನ ವರ್ಷಗಳಲ್ಲಿ ದೇಶದ ರಸಗೊಬ್ಬರ ಸಬ್ಸಿಡಿ ಒಂದೂವರೆ ಲಕ್ಷ ಕೋಟಿ ರೂಪಾಯಿಯನ್ನು ದಾಟಿದೆ. ಆ ಸಬ್ಸಿಡಿಯ ಲಾಭ ಪಡೆಯಲು ರೈತ ಗುಂಪು ಕಟ್ಟಬೇಕಾಗಿಲ್ಲ, ದಾಖಲೆ ಪುಸ್ತಕ ಬರೆಯಬೇಕಾಗಿಲ್ಲ, ತಪಾಸಣೆಗೆ ಬರುವವರ ದಾರಿ ಕಾಯಬೇಕಾಗಿಲ್ಲ. ರಸಗೊಬ್ಬರ ಬಿಡುವವನಿಗೆ ಮಾತ್ರ ಇವೆಲ್ಲವೂ ಗಂಟು ಬೀಳುತ್ತವೆ.

ರಾಸಾಯನಿಕ ಬಿಟ್ಟ ಮೇಲೆ ಸಾವಯವ ಪ್ರಮಾಣಪತ್ರ ಸಿಗುವವರೆಗಿನ ಪರಿವರ್ತನೆಯ ಅವಧಿ ಭತ್ತದಂಥ ವಾರ್ಷಿಕ ಬೆಳೆಯಾದರೆ 2 ವರ್ಷ. ಅಡಿಕೆ, ಕಾಳುಮೆಣಸಿನಂಥ ಬಹುವಾರ್ಷಿಕ ಬೆಳೆಗೆ 3 ವರ್ಷ. ಈ ಅವಧಿಯಲ್ಲಿ ತೋಟಿಗ ಸಾವಯವ ನಿಯಮವನ್ನು ಪೂರ್ತಿಯಾಗಿ ಪಾಲಿಸಬೇಕು, ಫಸಲನ್ನು ಮಾತ್ರ ಪೂರ್ಣ ಸಾವಯವ ಎಂದು ಮಾರುವಂತಿಲ್ಲ. ಶಿರಸಿಯ ಅಡಿಕೆ ಟೆಂಡರಿನಲ್ಲಿ ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳಿಗೆ ದರ ಕಟ್ಟುವವರು ಬಣ್ಣ, ಗಾತ್ರ, ಒಣಗಿದ ಹದ ನೋಡುತ್ತಾರೆಯೇ ಹೊರತು ಬುಡಕ್ಕೆ ಏನು ಹಾಕಿದ್ದಿರಿ ಎಂದು ಕೇಳುವುದಿಲ್ಲ. ಇಳುವರಿ ತಗ್ಗಿದರೆ ಆ ನಷ್ಟ ಪೂರ್ತಿಯಾಗಿ ಮನೆಯ ಮೇಲೆಯೇ ಬೀಳುತ್ತದೆ.

ರೋಗದ ಭಯವಂತೂ ಇನ್ನೂ ದೊಡ್ಡದು. ಕೊಳೆ ರೋಗಕ್ಕೆ ಒಂದು ದಾರಿಯಿದೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣಕ್ಕೆ ಸಾವಯವ ನಿಯಮಗಳಲ್ಲಿಯೂ ಮಿತಿಯೊಳಗೆ ಅವಕಾಶವಿದೆ, ಹಿರಿಯರು ಮಾಡುತ್ತಿದ್ದಂತೆ ಗೊನೆಗೆ ಕರಡದ (ಒಣಹುಲ್ಲಿನ) ಕೊಟ್ಟೆ ಕಟ್ಟುವುದೂ ಸಾಧ್ಯ, ಮರ ಹತ್ತಿ ಕಟ್ಟುವ ಕೊನೆಗೌಡ ಸಿಗಬೇಕು ಅಷ್ಟೆ. ಆದರೆ ಈಚಿನ ವರ್ಷಗಳಲ್ಲಿ ಮಲೆನಾಡನ್ನು ಕಾಡುತ್ತಿರುವ ಎಲೆಚುಕ್ಕಿ ರೋಗಕ್ಕೆ ಪ್ರೊಪಿಕೊನಜೋಲ್‌ನಂಥ ರಾಸಾಯನಿಕವನ್ನೇ ಸಿಂಪಡಿಸಲು ಹೇಳುತ್ತಾರೆ, ಅದನ್ನು ಮುಟ್ಟಿದರೆ ಪರಿವರ್ತನೆಯ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪಕ್ಕದ ತೋಟದ ಅಡಿಕೆ ಮರದ ಹೆಡೆಗಳು (ಗರಿಗಳು) ಒಂದೊಂದಾಗಿ ಹಳದಿಯಾಗಿ ಒಣಗುತ್ತಿರುವುದನ್ನು ನೋಡುತ್ತ, ಸಾಲದ ಕಂತು ತಲೆಯ ಮೇಲಿರುವಾಗ, ಸಿಂಪಡಿಸದೆ ಕುಳಿತುಕೊಳ್ಳಿ ಎಂದು ಒಬ್ಬ ಗೃಹಸ್ಥನಿಗೆ ಹೇಳುವ ಮುಂಚೆ ಆ ವರ್ಷದ ಅವನ ಆದಾಯಕ್ಕೆ ಯಾರು ಹೊಣೆ ಎಂಬುದನ್ನು ಹೇಳಬೇಕಾಗುತ್ತದೆ. ಹವಾಮಾನ ಆಧಾರಿತ ವಿಮೆ ಅಡಿಕೆಗೂ ಮೆಣಸಿಗೂ ಇದೆ ನಿಜ, ಆದರೆ ಅದು ಮಳೆ ಮತ್ತು ಹವೆಯ ದಾಖಲೆ ನೋಡಿ ಹಣ ಕೊಡುತ್ತದೆಯೇ ಹೊರತು ತೋಟದ ಒಳಗಿನ ನಷ್ಟವನ್ನು ಅಳೆಯುವುದಿಲ್ಲ.

ಪರಿಕರ ಎಂಬುದರಲ್ಲಿಯೂ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸ್ಥಿತಿ ಬೇರೆ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಹಕ್ಕು ಇರುವ ನಾಡಿದು. ಸೊಪ್ಪು, ದರಕು (ಉದುರಿದ ಒಣ ಎಲೆ), ಕೊಟ್ಟಿಗೆಯ ಸಗಣಿ, ಇವಿಷ್ಟರಿಂದ ತಲೆಮಾರುಗಳು ತೋಟ ನಡೆಸಿವೆ. ಇಂದು ಕೊರತೆಯಾಗಿರುವುದು ಗೊಬ್ಬರದ ಜ್ಞಾನವಲ್ಲ. ದರಕು ಗುಡಿಸಿ ಹೊರುವ ಆಳುಗಳು ಮತ್ತು ಕೊಟ್ಟಿಗೆಯಲ್ಲಿ ದನ. ನಮ್ಮೂರಿನಲ್ಲಿ ಒಮ್ಮೆ ಯೋಜನೆಯ ಹೆಸರಿನಲ್ಲಿ ಜೈವಿಕ ಗೊಬ್ಬರದ ಪೊಟ್ಟಣಗಳು ಬಂದವು. ಬಂದದ್ದು ಆಷಾಢದ ಜಡಿಮಳೆಯಲ್ಲಿ, ಹಾಕಿದ್ದೆಲ್ಲ ಕಾಲುವೆಗೆ ಹರಿದುಹೋಗುವ ಕಾಲದಲ್ಲಿ. ಅನೇಕರ ಮನೆಯ ಅಟ್ಟದಲ್ಲಿ ಅವು ಗಟ್ಟಿಯಾಗಿ ಹೆಂಟೆ ಕಟ್ಟಿದವು. ಅದೇ ಹಣ ದರಕು ಹೊರುವ ಕೂಲಿಗೆ ಸಿಕ್ಕಿದ್ದರೆ ಎಷ್ಟು ಮರಗಳ ಬುಡ ಮುಚ್ಚುತ್ತಿತ್ತು ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಘಟ್ಟ ಇಳಿದರೆ ಇನ್ನೊಂದು ಅನ್ಯಾಯ ಕಾಣುತ್ತದೆ. ಕುಮಟಾ ತಾಲೂಕಿನ ಮಾಣಿಕಟ್ಟಾ ಸುತ್ತಿನ ಗಜನಿ ಗದ್ದೆಗಳಲ್ಲಿ, ಅಘನಾಶಿನಿಯ ಉಪ್ಪುನೀರು ನುಗ್ಗುವ ನೆಲದಲ್ಲಿ, ಕಗ್ಗ ಭತ್ತ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ತಾಳುವ ಈ ತಳಿಗೆ ಗೊಬ್ಬರ, ಔಷಧಿ ಹಾಕುವ ರೂಢಿಯೇ ಇಲ್ಲ. ಈ ರೈತರು ಬಿಡಬೇಕಾದ ರಾಸಾಯನಿಕವೇ ಇಲ್ಲದಿರುವುದರಿಂದ, ಪರಿವರ್ತನೆಯ ಲೆಕ್ಕದಲ್ಲಿ ಹಣ ಹಂಚುವ ಪದ್ಧತಿ ಅವರ ಅಗತ್ಯವನ್ನು ಮುಟ್ಟುವುದಿಲ್ಲ. ಅವರಿಗೆ ಬೇಕಾದದ್ದು ಉಪ್ಪುನೀರು ತಡೆಯುವ ಒಡ್ಡುಗಳ ದುರಸ್ತಿ, ಬೀಜ ಉಳಿಸಿಕೊಳ್ಳುವ ಖರ್ಚು, ಅಕ್ಕಿಗೆ ಒಂದು ನ್ಯಾಯವಾದ ದರ.

ಹೊಸ ಇಲಾಖೆ, ಹೊಸ ಕಾರ್ಡು ಯಾವುದೂ ಬೇಡ. 1923ರಿಂದ ಅಡಿಕೆ ಬೆಳೆಗಾರರ ಲೆಕ್ಕ ಇಟ್ಟುಕೊಂಡು ಬಂದ ಶಿರಸಿಯ ಟಿಎಸ್‌ಎಸ್‌ (ತೋಟಗಾರರ ಸಹಕಾರಿ ಮಾರಾಟ ಸಂಘ) ನಂಥ ಸಂಸ್ಥೆಗಳಿವೆ, ಹಳ್ಳಿಗಳಲ್ಲಿ ಸೇವಾ ಸಹಕಾರಿ ಸಂಘಗಳಿವೆ. ಯಾರ ತೋಟದಿಂದ ಎಷ್ಟು ಕ್ವಿಂಟಲ್ ಬಂತು ಎಂಬುದು ಅವುಗಳ ಪುಸ್ತಕದಲ್ಲಿದೆ. ಪರಿವರ್ತನೆಗೆ ಸೇರಿದ ರೈತನ ಹಿಂದಿನ ವರ್ಷಗಳ ಸರಾಸರಿಗಿಂತ ಕಡಿಮೆಯಾದ ಫಸಲಿಗೆ, ಒಂದು ಮಿತಿಯೊಳಗೆ, ಅಲ್ಲಿಯೇ ಹಣ ತುಂಬಿಕೊಡಬಹುದು. ಬೆಳೆಸಾಲದ ಮರುಪಾವತಿಯನ್ನು ಆ 3 ವರ್ಷ ಮುಂದೂಡಿ, ಆ ಅವಧಿಯ ಬಡ್ಡಿಯನ್ನು ಸರ್ಕಾರ ಭರಿಸಬಹುದು. ಕೂಲಿಯ ಭಾಗವನ್ನು ಮಳೆ ಹಿಡಿಯುವ ಮುಂಚೆ, ಬೇಸಿಗೆಯಲ್ಲಿ ದರಕು ಗುಡಿಸುವ ತಿಂಗಳುಗಳಲ್ಲಿಯೇ ಖಾತೆಗೆ ಹಾಕಬೇಕು. ಮುಂದಿನ ಬಜೆಟ್ ಪೂರ್ವ ಸಭೆಗೆ ಹೋಗುವ ನಮ್ಮ ಸಂಘಗಳ ಪ್ರತಿನಿಧಿಗಳು ಎಷ್ಟು ಎಕರೆ ಸಾವಯವವಾಯಿತು ಎಂಬ ಅಂಕಿಯ ಜೊತೆಗೆ, ಸೇರಿದವರಲ್ಲಿ ಎಷ್ಟು ಮಂದಿ ನಾಲ್ಕನೆಯ ವರ್ಷಕ್ಕೂ ಉಳಿದಿದ್ದಾರೆ ಎಂಬ ಅಂಕಿಯನ್ನೂ ಅಧಿಕಾರಿಗಳಿಂದ ಕೇಳಬೇಕೆಂದು ವಿನಂತಿಸುತ್ತೇನೆ.